ಪಚ್ಚಿಲೆ ಮರಿಯ ಮೊದಲ ದಿನ

ನಾನು ಕುಮಟಾ ಕಡೆಯವಳು. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು, ಹೊಯಿಗೆ ತಡಕಿ ಬಳಚು ಎಂಬ ಚಿಪ್ಪಿನ ಜೀವಿಯನ್ನು ತೆಗೆಯುವುದನ್ನು ಆಯಿಯಿಂದ ಕಲಿತೆ. ಮನೆಯ ಹಿಂದೆ ಯಾವಾಗಲೂ ಚಿಪ್ಪಿನ ರಾಶಿ ಇರುತ್ತಿತ್ತು. ಸುಣ್ಣ ಸುಡುವವರು ಬಂದು ಒಯ್ಯುತ್ತಿದ್ದರು. ಎಲೆಗೆ ಹಚ್ಚುವ ಸುಣ್ಣವನ್ನು ಒಂದು ಜೀವ ನೀರಿನಿಂದ ಚೂರುಚೂರಾಗಿ ಹೆಕ್ಕಿ ಕಟ್ಟಿಕೊಂಡಿತ್ತು ಎನ್ನುವುದು ನನಗೆ ನಿಜವಾಗಿ ಮನಸ್ಸಿಗೆ ತಟ್ಟಿದ್ದು ಬಹಳ ವರ್ಷಗಳ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ ಒಂದು ದಿನದ ಪಚ್ಚಿಲೆ ಮರಿಯನ್ನು ನೋಡಿದಾಗ.

ಪಚ್ಚಿಲೆ ಅಂದರೆ ಸಮುದ್ರದ ಬಂಡೆಗೆ ಅಂಟಿಕೊಂಡು ಬೆಳೆಯುವ ಎರಡು ಚಿಪ್ಪಿನ ಜೀವಿ, ನಮ್ಮ ಕಡೆ ನೀಲಿಕಲ್ಲು ಅನ್ನುತ್ತಾರಲ್ಲ, ಅದೇ. ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಅದರ ಮರಿಗಳನ್ನು ಬಿಸಿ ಹೆಚ್ಚಿದ, ಹುಳಿ ಹೆಚ್ಚಿದ ನೀರಿನಲ್ಲಿ ಸಾಕಿ ನೋಡುವುದು ನನ್ನ ಕೆಲಸ.

ಮೊದಲು ಬಲಿತ ಪಚ್ಚಿಲೆಗಳನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದು, ಒಂದು ತಾಸು ನೀರಿಲ್ಲದೆ ಇಡುತ್ತೇನೆ. ಆಮೇಲೆ ಅವು ಇದ್ದ ನೀರಿಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿನ ನೀರಿಗೆ ಬಿಡುತ್ತೇನೆ. ಸಾಮಾನ್ಯವಾಗಿ ಗಂಡೇ ಮೊದಲು ಶುರುಮಾಡುತ್ತದೆ. ಊದುಬತ್ತಿಯ ಹೊಗೆಯ ಹಾಗೆ ಬೀಜದ ಬಿಳಿ ಎಳೆ ಹೊರಡುತ್ತದೆ. ಹಿಂದೆಯೇ ಹೆಣ್ಣು ಕಿತ್ತಳೆ ಬಣ್ಣದ ಮೊಟ್ಟೆ ಬಿಡುತ್ತದೆ. ಎರಡನ್ನೂ ಬೇರೆಬೇರೆ ಪಾತ್ರೆಗೆ ತೆಗೆದು, ಮೊಟ್ಟೆಗೆ ಬೀಜದ ನೀರನ್ನು ಅಳತೆ ಮಾಡಿ ಸ್ವಲ್ಪವೇ ಸೇರಿಸಬೇಕು. ಹೆಚ್ಚಾದರೆ ಒಂದು ಮೊಟ್ಟೆಗೆ ಹಲವು ನುಗ್ಗಿ ಮರಿ ವಿಕಾರವಾಗುತ್ತದೆ. ಆಮೇಲೆ ಅದನ್ನು ನೀರಿನ ಹುಳಿಯ ತಲೆಗೆ ಕಟ್ಟುವುದು ತಪ್ಪು ಲೆಕ್ಕ.

ಸಂಜೆ ಕೂಡಿಸಿದ್ದು ಮಾರನೇ ದಿನ ಸಂಜೆಯೊಳಗೆ ಚಿಪ್ಪು ತೊಟ್ಟಿರುತ್ತದೆ. ಹೋಳು ಮಾಡಿದ ಲಿಂಬೆಯ ಆಕಾರ: ಒಂದು ಕಡೆ ಗೆರೆ ಎಳೆದಷ್ಟು ನೇರ, ಇನ್ನೊಂದು ಕಡೆ ದುಂಡಗೆ. ಗಾತ್ರ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಒಳಗಿನಿಂದ ರೋಮದ ಬಟ್ಟಲೊಂದನ್ನು ಹೊರಚಾಚಿ ಈಜುತ್ತದೆ, ತಟ್ಟಿದರೆ ಸರಕ್ಕನೆ ಒಳಗೆಳೆದು ಬಾಗಿಲು ಹಾಕಿಕೊಳ್ಳುತ್ತದೆ. ನೀರಿನ ಹುಳಿಯ ಅಳತೆಗೆ ಪಿಎಚ್ ಅನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 8.1ರ ತೊಟ್ಟಿಯಲ್ಲಿ ನಾನು ನೋಡುವುದು ಇದನ್ನು. ಅದೇ ತಾಯಂದಿರ ಅದೇ ಮೊಟ್ಟೆಯನ್ನು 7.7ರ ತೊಟ್ಟಿಗೆ ಹಾಕಿದರೆ, ಆ ನೇರ ಗೆರೆ ಎಷ್ಟೋ ಮರಿಗಳಲ್ಲಿ ನಡುವೆ ತಗ್ಗಿರುತ್ತದೆ. ಅಂಚು ಇಲಿ ಕಡಿದ ಹಪ್ಪಳದಂತೆ. ರೋಮದ ಬಟ್ಟಲು ಹೊರಗೇ ಉಳಿದಿರುತ್ತದೆ, ಮುಚ್ಚಿಕೊಳ್ಳಲು ಬಾಗಿಲು ಸಾಲದು. ಮೊದಲ ಸಲ ಕಂಡಾಗ ಗಾಜಿನ ತುಣುಕನ್ನು ಬದಲಿಸಿ ಬದಲಿಸಿ ನೋಡಿದೆ. ಪ್ರತಿ ಹನಿಯಲ್ಲೂ ಅದೇ.

ಆ ಒಂದು ದಿನದಲ್ಲಿ ಮರಿಗೆ ಇನ್ನೂ ತಿನ್ನಲು ಬರುವುದಿಲ್ಲ. ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಮನೆ ಕಟ್ಟಬೇಕು, ಅದೂ ಕೆಲವೇ ತಾಸುಗಳಲ್ಲಿ. ಈ ಮೊದಲ ಚಿಪ್ಪು ಅರಗೊನೈಟ್ ಎಂಬ ಬಗೆಯ ಸುಣ್ಣದ್ದು, ನೀರಿನಲ್ಲಿ ಬೇಗ ಕರಗುವಂಥದ್ದು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸಮುದ್ರಕ್ಕಿಳಿದಾಗ ಆಮ್ಲವಾಗುತ್ತದೆ, ಆ ಆಮ್ಲ ಚಿಪ್ಪು ಕಟ್ಟಲು ಬೇಕಾದ ನೀರಿನ ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಮರಿ ಚಿಪ್ಪು ಕಟ್ಟುವ ಜಾಗದಿಂದ ಆಮ್ಲವನ್ನು ಹೊರಗೆ ತಳ್ಳುವುದಕ್ಕೂ ಬುತ್ತಿ ಖರ್ಚು. ಮೊದಲ ದಿನ ಬದುಕಿದ ಎಷ್ಟೋ ಮರಿಗಳು ಮುಂದೆ ಸಣ್ಣಗೇ ಉಳಿದು, ವಾರ ಕಳೆದ ಮೇಲೆ ತೊಟ್ಟಿಯ ತಳ ಸೇರುವುದನ್ನು ನೋಡಿದ್ದೇನೆ. ಆ ಹೊತ್ತಿಗೆ ಎಷ್ಟು ಒಳ್ಳೆ ಪಾಚಿ ತಿನ್ನಿಸಿದರೂ ಪ್ರಯೋಜನವಾಗಲಿಲ್ಲ.

ನನ್ನ ಮೊದಲ ವರ್ಷದ ಕೆಲಸವನ್ನೆಲ್ಲ ಬಿಸಾಡಬೇಕಾಯಿತು. ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲ ಹನಿಸಿದ್ದೆ. ಮೀಟರಿನಲ್ಲಿ ಅಂಕಿ ಸರಿ ಬಂತು, ಆದರೆ ಆಮ್ಲ ನೀರಿನ ಕ್ಷಾರತ್ವವನ್ನೇ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿಯನ್ನೇ, ತಿಂದಿತ್ತು. ಸಮುದ್ರದಲ್ಲಿ ಆಗುವುದು ಹಾಗಲ್ಲ. ಈಗ ಗಾಳಿಗೆ ಕಾರ್ಬನ್ ಡೈಆಕ್ಸೈಡ್ ಬೆರೆಸಿ ಗುಳ್ಳೆ ಬಿಡುತ್ತೇನೆ. ಒಂದು ರಾತ್ರಿ ಕರೆಂಟು ಹೋಗಿ ಗಾಳಿಯ ಪಂಪು ನಿಂತಿತು, ಅನಿಲದ ವಾಲ್ವು ಮಾತ್ರ ತೆರೆದೇ ಉಳಿಯಿತು. ಬೆಳಿಗ್ಗೆ ನಾಲ್ಕು ತೊಟ್ಟಿಗಳಲ್ಲಿ ಒಂದೂ ಈಜುತ್ತಿರಲಿಲ್ಲ. ಅಂದಿನಿಂದ ಕರೆಂಟು ಹೋದರೆ ತಾನೇ ಮುಚ್ಚಿಕೊಳ್ಳುವ ವಾಲ್ವನ್ನೇ ಹಾಕಿದ್ದೇನೆ.

ಪಿಎಚ್ ಮೀಟರಿನದೂ ಒಂದು ಪಾಠ. ಅಂಗಡಿಯಲ್ಲಿ ಸಿಗುವ 4, 7, 10ರ ದ್ರಾವಣಗಳು ಸಿಹಿನೀರಿನ ಲೆಕ್ಕದವು. ಅವುಗಳಿಂದ ಸರಿಮಾಡಿದ ಮೀಟರನ್ನು ಉಪ್ಪುನೀರಿಗಿಟ್ಟರೆ 0.1ರಷ್ಟು ಅತ್ತಿತ್ತ ಆಗಬಹುದು. ಅಷ್ಟೇ ತಾನೆ ಎನ್ನಬೇಡಿ. ಕೈಗಾರಿಕೆ ಶುರುವಾದಾಗಿನಿಂದ ಇಲ್ಲಿಯವರೆಗೆ ಸಮುದ್ರದ ಮೇಲ್ಮೈಯ ಪಿಎಚ್ ಸರಾಸರಿ 8.2ರಿಂದ 8.1ಕ್ಕೆ ಇಳಿದಿದೆ, ಅಂದರೆ ಇಡೀ ಬದಲಾವಣೆಯೇ ಅಷ್ಟು. ಆ ಅಷ್ಟಕ್ಕೇ ನೀರಿಗೆ ಹುಳಿ ಕೊಡುವ ಹೈಡ್ರೋಜನ್ ಅಯಾನು ಶೇ. 25ಕ್ಕೂ ಹೆಚ್ಚು ಏರುತ್ತದೆ. ಈಗ ನಾನು ಉಪ್ಪುನೀರಿಗೆಂದೇ ಮಾಡಿದ ದ್ರಾವಣ ಬಳಸುತ್ತೇನೆ, ಜೊತೆಗೆ ಕ್ಷಾರತ್ವವನ್ನೂ ಅಳೆಯುತ್ತೇನೆ.

ಬಿಸಿಯ ವಿಚಾರಕ್ಕೆ ಬಂದರೆ, ಬೆಚ್ಚಗಿನ ನೀರು ಕಾರ್ಬನ್ ಡೈಆಕ್ಸೈಡನ್ನು ಕಡಿಮೆ ಹಿಡಿಯುತ್ತದಲ್ಲ, ಮರಿಗೆ ಒಳ್ಳೆಯದೇ ಅಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ರಸಾಯನದ ಲೆಕ್ಕದಲ್ಲಿ ಸ್ವಲ್ಪ ಹೌದು. ಆದರೆ ಮರಿಯ ಉಸಿರಾಟ ಏರುತ್ತದೆ, ಹಸಿವು ಏರುತ್ತದೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. 28 ಡಿಗ್ರಿಯಲ್ಲಿ ಸಲೀಸಾಗಿ ಬೆಳೆದ ಮರಿ 32ರಲ್ಲಿ ಮೊದಮೊದಲು ಚುರುಕಾಗಿ ಈಜುತ್ತದೆ, ನೋಡಿದರೆ ಖುಷಿಯೇ ಆಗುತ್ತದೆ. ಬುತ್ತಿ ಮುಗಿಯುವುದೂ ಅಷ್ಟೇ ಬೇಗ. ಬಿಸಿ, ಹುಳಿ ಎರಡೂ ಕೂಡಿದ ತೊಟ್ಟಿಯೇ ನನ್ನ ಕೈಯಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು.

ಒಂದು ಮಳೆಗಾಲ ಮಾತ್ರ ನಾನು ಯಾವ ಅನಿಲವನ್ನೂ ಬಿಡದ ತೊಟ್ಟಿಗಳಲ್ಲೇ ಮರಿಗಳು ವಿಕಾರವಾದವು. ವಿಬ್ರಿಯೊ ರೋಗಾಣು ಇರಬೇಕೆಂದು ತೊಟ್ಟಿ, ಕೊಳವೆ, ಜರಡಿ ಎಲ್ಲ ಬ್ಲೀಚಿಂಗ್ ಪುಡಿ ಹಾಕಿ ತೊಳೆದೆವು. ಮುಂದಿನ ತಂಡವೂ ಹೋಯಿತು. ಆಮೇಲೆ ಸಮುದ್ರದಿಂದ ಬರುವ ನೀರನ್ನೇ ಅಳೆದೆ: ಪಿಎಚ್ ಕೆಳಗಿತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ ನೀರು ದಡದತ್ತ ಮೇಲೇಳುತ್ತದೆ; ಅದರಲ್ಲಿ ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ. ಮೇಲಿಂದ ಹೊಳೆಯ ಸಿಹಿನೀರು ಸೇರಿ ಉಪ್ಪನ್ನೂ ಕ್ಷಾರತ್ವವನ್ನೂ ಇಳಿಸುತ್ತದೆ. ಪಚ್ಚಿಲೆ ಮೊಟ್ಟೆ ಬಿಡುವುದೂ ಇದೇ ತಿಂಗಳುಗಳಲ್ಲಿ.

ಇದೇ ದಾರಿಯನ್ನು ಅಮೆರಿಕದ ಒರೆಗಾನ್ ಕರಾವಳಿಯವರು ನಮಗಿಂತ ಮೊದಲೇ ನಡೆದಿದ್ದರು. ನೆಟಾರ್ಟ್ಸ್ ಕೊಲ್ಲಿಯಲ್ಲಿ ಸಿಂಪಿಯ ಮರಿ ಬೆಳೆಸುವ ವಿಸ್ಕಿ ಕ್ರೀಕ್ ಹ್ಯಾಚರಿಯಲ್ಲಿ 2007-08ರ ಹೊತ್ತಿಗೆ ಸಿಂಪಿಯ ಮರಿಗಳು ರಾಶಿರಾಶಿಯಾಗಿ ಸತ್ತವು. ಅವರೂ ಮೊದಲು ವಿಬ್ರಿಯೊ ಎಂದೇ ಹುಡುಕಿದರು. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಅಳೆದಾಗ ಸಿಕ್ಕಿದ್ದು ಆಳದಿಂದ ಮೇಲೆದ್ದ ಹುಳಿ ನೀರು. ಆ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವರು ಕಂಡುಕೊಂಡ ಉಪಾಯ ಸರಳ. ಹಗಲಿಡೀ ಸಮುದ್ರದ ಹುಲ್ಲು, ಪಾಚಿ ಕಾರ್ಬನ್ ಡೈಆಕ್ಸೈಡನ್ನು ಎಳೆದುಕೊಳ್ಳುವುದರಿಂದ ನೀರು ಮಧ್ಯಾಹ್ನದ ಮೇಲೆ ಎತ್ತಿಕೊಳ್ಳುವುದು, ಸಾಲದಿದ್ದರೆ ಸೋಡಿಯಂ ಕಾರ್ಬೊನೇಟ್ ಸೇರಿಸುವುದು.

ನಮ್ಮ ಮನೆಗಳಲ್ಲಿ ಬಟ್ಟೆ ಒಗೆಯುವ ಸೋಡಾ ಅದೇ. ಹ್ಯಾಚರಿಗೆ ಮಾತ್ರ ಶುದ್ಧವಾದದ್ದನ್ನು ತರಿಸಬೇಕು. ನಾನು ಅವಸರದಲ್ಲಿ ನೇರವಾಗಿ ತೊಟ್ಟಿಗೆ ಸುರಿದೆ. ನೀರೆಲ್ಲ ಹಾಲು ಒಡೆದಂತೆ ಬೆಳ್ಳಗಾಯಿತು, ಮರಿಗೆ ಬೇಕಾದ ಸುಣ್ಣ ತಳದಲ್ಲಿ ಪುಡಿಯಾಗಿ ಕೂತಿತು. ಬೇರೆ ಸಿಹಿನೀರಿನಲ್ಲಿ ಕರಗಿಸಿ, ಗಾಳಿ ಜೋರಾಗಿ ಬಿಟ್ಟು, ಹನಿಹನಿಯಾಗಿ ಸೇರಿಸಬೇಕು. ಮೊಟ್ಟೆ ಕೂಡಿಸುವ ದಿನದ ನೀರಿಗೆ ಇದನ್ನು ತಪ್ಪಿಸುವುದೇ ಇಲ್ಲ. ಮುಂದಿನ ಎರಡು ಮೂರು ವಾರ, ಮರಿಗೆ ಕಾಲು ಮೂಡಿ ಹಗ್ಗ ಹಿಡಿಯುವವರೆಗೆ, ಅಷ್ಟು ಬಿಗಿ ಬೇಕಾಗಿಲ್ಲ.

ತೊಟ್ಟಿಯ ನೀರನ್ನು ಹೀಗೆ ಸರಿಮಾಡಿದೆ. ಅಳಿವೆಗೆ ಯಾರು ಸೋಡಾ ಹನಿಸುತ್ತಾರೆ? ಅಲ್ಲಿನ ಬಳಚಿನ ಮರಿಯೂ ಇಂಥದೇ ನೀರಿನಲ್ಲಿ ಮೊದಲ ಚಿಪ್ಪು ಕಟ್ಟಬೇಕು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತು. ಸಂತೋಷವೇ, ಆದರೆ ಅಲ್ಲಿ ಮಳೆಗಾಲದ ಉದ್ದಕ್ಕೂ ದಿನದಿನದ ನೀರಿನ ಲೆಕ್ಕ ಬೇಕೆಂದು ನನ್ನ ಹಟ. ಕಳೆದ ಜೂನಿನಲ್ಲಿ ಚಿಕ್ಕಮ್ಮನಿಗೆ ಮುಚ್ಚಳ ಬಿಗಿಯಾದ ಎರಡು ಗಾಜಿನ ಬಾಟಲಿ ಕೊಟ್ಟು, ನೀರಿನೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ ಮುಚ್ಚುವುದನ್ನು ತೋರಿಸಿದೆ. "ಬಳಚು ಸಿಗದ ದಿನವೂ ತುಂಬಬೇಕನೇ?" ಎಂದು ಕೇಳಿದಳು. ಆ ದಿನ ಮರೆಯದೇ ತುಂಬು ಚಿಕ್ಕಮ್ಮ ಎಂದೆ. ಬಾಟಲಿಯ ಮೇಲೆ ತಾರೀಕಿನ ಪಕ್ಕದಲ್ಲಿ ಅವಳು ಅಂದು ಎಷ್ಟು ಬುಟ್ಟಿ ಸಿಕ್ಕಿತೆಂದೂ ಬರೆಯುತ್ತಾಳೆ.