ಬೈಲಿನಂಚಿಗೆ ಬಡಾವಣೆ ಬಂದಾಗ: ಊರಿನ ನೋಟಕ್ಕೆ ಆಗುವ ಬದಲಾವಣೆಯನ್ನು ಅಳೆಯುವುದು ಹೇಗೆ?

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗಿ, ಉಪ್ಪಳದಿಂದ ಬಾಯಾರಿಗೆ ಹೋಗಿ, ಮುಳ್ಳೇರಿಯದ ಒಳದಾರಿ ಹಿಡಿಯಿರಿ, ಎಲ್ಲೆಡೆ ಒಂದೇ ಫಲಕ: ‘5 ಸೆಂಟ್ಸ್, 10 ಸೆಂಟ್ಸ್ ಸೈಟು ಮಾರಾಟಕ್ಕಿದೆ’. ಹಿಂದೆ ಗೇರುಗುಡ್ಡೆಯನ್ನು ಜೆಸಿಬಿ ಕೆತ್ತಿರುತ್ತದೆ, ಕೆಂಪು ಬರೆ ಮೈಲಿ ದೂರಕ್ಕೆ ಕಾಣುತ್ತಿರುತ್ತದೆ. ಮನೆಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೂಡುಕುಟುಂಬದ ತರವಾಡು ಪಾಲಾಗಿ ಬಂದವರಿಗೆ, ಗಲ್ಫಿನಿಂದ ಮರಳಿದವರಿಗೆ, ಇಷ್ಟು ವರ್ಷ ಬಾಡಿಗೆಗಿದ್ದವರಿಗೆ ಸ್ವಂತ ಸೂರು ಬೇಕು. ಆದರೆ ಆ ಮನೆ ಗುಡ್ಡೆಯ ಯಾವ ಮಟ್ಟದಲ್ಲಿ, ಎಷ್ಟು ಎತ್ತರಕ್ಕೆ, ಯಾವ ದಿಕ್ಕಿಗೆ ಮುಖಮಾಡಿ ಏಳಬೇಕು ಎಂಬ ಚರ್ಚೆ ನಮ್ಮಲ್ಲಿ ನಡೆಯುವುದಿಲ್ಲ. ‘ಊರಿನ ಚಂದ ಹೋಯಿತು’ ಎಂದು ಒಬ್ಬರು, ‘ಅಭಿವೃದ್ಧಿ ಬೇಡವೇ’ ಎಂದು ಇನ್ನೊಬ್ಬರು. ಅಲ್ಲಿಗೆ ಮುಗಿಯಿತು.

ಊರಿನ ಚಂದವನ್ನು ಮಾತಿಗೆ ನಿಲ್ಲುವಂತೆ ಅಳೆಯಬಹುದು. ಬ್ರಿಟನ್ನಿನಲ್ಲಿ ಹಳ್ಳಿಯಂಚಿಗೆ ಬಡಾವಣೆ ಬರುವಾಗ ಯೋಜನಾ ಅರ್ಜಿಯ ಜೊತೆಗೆ ಭೂದೃಶ್ಯದ ವರದಿಯನ್ನೂ ಕೇಳುವ ರೂಢಿಯಿದೆ. ಅಲ್ಲಿನ ಲ್ಯಾಂಡ್‌ಸ್ಕೇಪ್ ಇನ್‌ಸ್ಟಿಟ್ಯೂಟ್ ಇನ್ನೊಂದು ಪರಿಸರ ಸಂಸ್ಥೆಯ ಜೊತೆ ಸೇರಿ ಇದಕ್ಕೊಂದು ಮಾರ್ಗಸೂಚಿ ರೂಪಿಸಿದೆ. ಅದರ ಮೂರನೇ ಆವೃತ್ತಿ 2013ರಲ್ಲಿ ಬಂತು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. 2006ರ ಕೇಂದ್ರ ಪರಿಸರ ಅಧಿಸೂಚನೆಯು ಕಟ್ಟಡ ಯೋಜನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು 20,000 ಚದರ ಮೀಟರ್‌ನಿಂದ ಮೇಲಕ್ಕೆ. ಹತ್ತು ಮನೆಯ ಬಡಾವಣೆ ಆ ಜರಡಿಯಲ್ಲಿ ನಿಲ್ಲುವುದೇ ಇಲ್ಲ. ಆದ್ದರಿಂದ ಈ ಕೆಲಸವನ್ನು ಊರವರೇ ಮಾಡಬೇಕು. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಮೊಬೈಲ್, ಅಡಕೆ ಕೊಯ್ಯುವ ದೋಟಿ, ಒಂದೆರಡು ರಜಾದಿನ.

ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

ನೆಲಕ್ಕೆ ಏನಾಗುತ್ತದೆ ಎಂಬುದು ಒಂದು ಪ್ರಶ್ನೆ. ಜನರ ಕಣ್ಣಿಗೆ ಏನು ಕಾಣುತ್ತದೆ ಎಂಬುದು ಇನ್ನೊಂದು. ಅಡಕೆ ತೋಟದ ಹಿಂದೆ ಯಾರಿಗೂ ಕಾಣದ ಗದ್ದೆಗೆ ಮಣ್ಣು ತುಂಬಿದರೆ ನೋಟ ಕೆಡುವುದಿಲ್ಲ, ಆದರೆ ಬೈಲು ಹೋಯಿತು. ಗುಡ್ಡೆಯ ನೆತ್ತಿಯಲ್ಲಿ ಒಂದೇ ಮನೆ ಎದ್ದರೆ ಹೋಗುವ ನೆಲ ಕೆಲವೇ ಸೆಂಟ್ಸು, ಆದರೆ ಸುತ್ತಲಿನ ಊರುಗಳಿಗೆಲ್ಲ ಕಾಣುತ್ತದೆ. ಎರಡನ್ನೂ ಕಲಸಿ ಬರೆದರೆ ಎದುರಿನವರು ಸುಲಭವಾಗಿ ತಳ್ಳಿಹಾಕುತ್ತಾರೆ. ನೋಟ್‌ಬುಕ್ಕಿನಲ್ಲಿ ಎರಡು ಪುಟ ಬೇರೆ ಬೇರೆ ಇರಲಿ.

ಊರನ್ನು ಅಡ್ಡ ಸೀಳಿ ನೋಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಬಯಲುಸೀಮೆಯ ಊರಿನಂತೆ ನಮ್ಮ ಊರುಗಳಿಗೆ ಸುತ್ತುಗಟ್ಟಿದ ಅಂಚು ಇಲ್ಲ. ಮನೆಗಳು ಚದುರಿವೆ. ನಮ್ಮಲ್ಲಿ ಊರಿನ ಅಂಚು ಇರುವುದು ಮೇಲೆ–ಕೆಳಗೆ. ತೋಡಿನಿಂದ ಹೊರಟು ಗುಡ್ಡೆಯ ತುದಿವರೆಗೆ ನಡೆದು ಹೋಗಿ, ದಾರಿಯಲ್ಲಿ ನೆಲ ಬದಲಾಗುವ ಕಡೆಯೆಲ್ಲ ಗುರುತು ಹಾಕಿಕೊಳ್ಳಿ.

ಇದಕ್ಕೆ ಹೊಸ ವರ್ಗೀಕರಣವೇನೂ ಬೇಡ, ಹಿರಿಯರು ಮಾಡಿಟ್ಟದ್ದಿದೆ. ತೋಡಿನ ಬದಿಯ, ನೀರು ಸಾಲುವ ಗದ್ದೆ ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಆಗುತ್ತಿತ್ತು. ಅದರ ಮೇಲೆ ಎರಡು ಬೆಳೆಯ ಮಜಲು. ಇನ್ನೂ ಮೇಲೆ ಮಳೆ ನಂಬಿದ ಒಂದು ಬೆಳೆಯ ಬೆಟ್ಟು. ಆಮೇಲೆ ಗೇರು, ಕಾಡುಮರಗಳ ಇಳಿಜಾರು. ತುದಿಯಲ್ಲಿ ಮುರಕಲ್ಲಿನ ಬೋಳು ಬಂಡೆನೆಲವಾದ ಪಾರೆ ಅಥವಾ ಮುಳಿಹುಲ್ಲಿನ ಬಯಲಾದ ಪದವು. ಇಂದು ಬೈಲು, ಮಜಲುಗಳ ಬಹುಪಾಲು ಅಡಕೆ ತೋಟವಾಗಿದೆ, ಇಳಿಜಾರಿನಲ್ಲಿ ರಬ್ಬರ್ ಬಂದಿದೆ. ಮಟ್ಟಗಳು ಮಾತ್ರ ಹಾಗೆಯೇ ಇವೆ.

ಈಗ ಹಳೆಯ ಮನೆಗಳು ಎಲ್ಲಿವೆ ನೋಡಿ. ಹೆಚ್ಚಿನವು ಗದ್ದೆಯ ಒಳಗಿಲ್ಲ, ಗುಡ್ಡೆಯ ನೆತ್ತಿಯಲ್ಲೂ ಇಲ್ಲ. ಬೆಟ್ಟು ಮುಗಿದು ಇಳಿಜಾರು ಶುರುವಾಗುವ ಪಟ್ಟಿಯಲ್ಲಿವೆ. ಹಿಂಬದಿಯ ಗುಡ್ಡೆಯಲ್ಲಿ ಕೊರೆದ ಸುರಂಗದಿಂದ ನೀರು ತಾನಾಗಿ ಇಳಿದು ಅಂಗಳಕ್ಕೆ ಬರಬೇಕು, ಎದುರಿಗೆ ಬೆಳೆ ಕಣ್ಣಿಗೆ ಬೀಳಬೇಕು, ಒಂದು ಮುಷ್ಟಿ ಗದ್ದೆಯೂ ವ್ಯರ್ಥವಾಗಬಾರದು ಎಂಬ ಲೆಕ್ಕ ಅದು. ಹಂಚಿನ ಮಾಡು ಮರಗಳ ತಲೆಗಿಂತ ಕೆಳಗೇ ಉಳಿಯುತ್ತಿತ್ತು. ಕೊಳವೆಬಾವಿ, ಪಂಪು, ಟಾರು ರಸ್ತೆ ಬಂದ ಮೇಲೆ ಆ ಲೆಕ್ಕ ತಪ್ಪಿತು. ರಸ್ತೆ ಹೋದ ಪದವಿನ ಮೇಲಕ್ಕೂ ಮನೆ ಹತ್ತಿತು, ಮಣ್ಣು ತುಂಬಿದ ಗದ್ದೆಗೂ ಇಳಿಯಿತು.

ನನ್ನ ಮಟ್ಟಿಗೆ ಎಷ್ಟು ಮನೆ ಎಂಬುದಕ್ಕಿಂತ ಯಾವ ಮಟ್ಟದಲ್ಲಿ ಮನೆ ಎಂಬುದು ದೊಡ್ಡ ಪ್ರಶ್ನೆ. ಹಳೆಯ ಮನೆಗಳಿರುವ ಆ ಪಟ್ಟಿಯಲ್ಲಿ ಇಪ್ಪತ್ತು ಮನೆ ಬಂದರೂ ಊರು ತಡೆದುಕೊಳ್ಳುತ್ತದೆ. ಬೋಳು ಪಾರೆಯ ಮೇಲೆ ಮೂರು ಬಂದರೆ ಊರಿನ ರೂಪವೇ ಬೇರೆಯಾಗುತ್ತದೆ. ಪಾರೆಯನ್ನು ‘ಖಾಲಿ ಜಾಗ’ ಎಂದು ಬರೆಯುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆಯಿದು. ಆ ಮಳೆ ಪಾರೆಯ ಪಳ್ಳಗಳಲ್ಲಿ ನಿಂತು, ಬಿರುಕುಗಳಲ್ಲಿ ಇಳಿದು ಕೆಳಗಿನ ಸುರಂಗ, ಬಾವಿಗಳಿಗೆ ಸೇರುತ್ತದೆ. ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಅದೇ ಪಾರೆ ನೀಲಿ ಹೂಗಳಿಂದ ತುಂಬುತ್ತದೆ. ಬೇಸಗೆಯಲ್ಲಿ ಮಾತ್ರ ನೋಡಿ ವರದಿ ಬರೆದವರಿಗೆ ಇದು ಗೊತ್ತಾಗುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಹೋಗಿ ನೋಡಲೇಬೇಕು.

ಎಲ್ಲಿಂದ ಕಾಣುತ್ತದೆ?

ಗೂಗಲ್ ಅರ್ಥ್‌ನಲ್ಲಿ ಬಡಾವಣೆಯ ಜಾಗದಿಂದ ಒಂದೊಂದು ದಿಕ್ಕಿಗೆ ಗೆರೆ ಎಳೆದರೆ ನೆಲದ ಏರಿಳಿತದ ನಕ್ಷೆ ಬರುತ್ತದೆ. ಮಧ್ಯೆ ಎತ್ತರದ ದಿಬ್ಬ ಇದ್ದರೆ ಅದರಾಚೆಗೆ ಕಾಣದು. ಹತ್ತಿಪ್ಪತ್ತು ಮನೆಯ ಬಡಾವಣೆಗೆ ಸುತ್ತ 2 ಕಿ.ಮೀ. ನೋಡಿದರೆ ಸಾಕು. ನೆತ್ತಿಯ ಮೇಲಿದ್ದರೆ ಇನ್ನೂ ದೂರ ಹೋಗಬೇಕಾದೀತು. ನಕ್ಷೆಗೆ ಮರ ಗೊತ್ತಿಲ್ಲ, ಆದ್ದರಿಂದ ಆಮೇಲೆ ನಡೆದೇ ಖಚಿತಪಡಿಸಿಕೊಳ್ಳಿ.

ಮರದ ವಿಷಯದಲ್ಲಿ ಒಂದು ಎಚ್ಚರ. ‘ಎದುರಿಗೆ ರಬ್ಬರ್ ತೋಟವಿದೆ, ಏನೂ ಕಾಣುವುದಿಲ್ಲ’ ಎಂದು ಸೈಟು ಮಾರುವವರು ಹೇಳುತ್ತಾರೆ. ರಬ್ಬರ್ ಡಿಸೆಂಬರ್–ಫೆಬ್ರವರಿ ಹೊತ್ತಿಗೆ ಎಲೆ ಉದುರಿಸುತ್ತದೆ. ಹಾಲು ಬತ್ತಿದ ಮೇಲೆ ಇಡೀ ತೋಟವನ್ನೇ ಕಡಿಯುತ್ತಾರೆ. ಹಳದಿ ರೋಗ ಹೊಕ್ಕ ಅಡಕೆ ತೋಟದ್ದೂ ಅದೇ ಕತೆ. ಪರರ ತೋಟವನ್ನು ತನ್ನ ಮರೆ ಎಂದು ಲೆಕ್ಕ ಹಿಡಿಯುವುದು ನ್ಯಾಯವಲ್ಲ. ಬಡಾವಣೆಯ ಮರೆ ಬಡಾವಣೆಯ ಜಾಗದಲ್ಲೇ ಇರಬೇಕು.

ನೋಡುವ ಜಾಗಗಳನ್ನು ಆರಿಸಿ

ಆರೆಂಟು ಜಾಗ ಸಾಕು, ಆದರೆ ಆಯ್ಕೆ ಪ್ರಾಮಾಣಿಕವಾಗಿರಲಿ. ದೈವಸ್ಥಾನದ ಅಂಗಳ, ದೇವಸ್ಥಾನದ ಮೆಟ್ಟಿಲು, ಮಸೀದಿಯ ಎದುರು, ಶಾಲೆಯ ಮೈದಾನ, ಬಸ್ಸು ನಿಲ್ಲುವ ಕಟ್ಟೆ, ತೋಡಿನ ಸಂಕ, ದಿನಾ ಜನ ನಡೆಯುವ ಕಟ್ಟಪುಣಿ. ಪೈವಳಿಕೆ, ಬಾಯಾರು ಕಡೆಯವರಾದರೆ ಪೊಸಡಿಗುಂಪೆ ಗುಡ್ಡವನ್ನೂ ಸೇರಿಸಿ. ಅಲ್ಲಿಂದ ಕಾಣುವುದು ಗೋಡೆಯಲ್ಲ, ಮಾಡು. ಹಾಗಾಗಿ ಅಲ್ಲಿ ಮಾಡಿನ ಬಣ್ಣವೇ ಮುಖ್ಯವಾಗುತ್ತದೆ.

ನಿಮ್ಮ ಮನೆಯ ಜಗಲಿಯಿಂದ ಗುಡ್ಡೆ ಕಾಣದಾಗುವ ನೋವು ಸಣ್ಣದಲ್ಲ. ಆದರೂ ವರದಿಯಲ್ಲಿ ಸಾರ್ವಜನಿಕ ಜಾಗಗಳಿಗೇ ತೂಕ ಕೊಡಿ. ಬ್ರಿಟನ್ನಿನಲ್ಲೂ ಖಾಸಗಿ ಮನೆಯ ಕಿಟಕಿಯ ನೋಟಕ್ಕೆ ಹಕ್ಕು ಎಂಬುದಿಲ್ಲ.

ದೋಟಿ ಎತ್ತಿ, ಬೆರಳು ಚಾಚಿ

ಮೊದಲು ನಿಜವಾದ ಎತ್ತರ ಕಂಡುಕೊಳ್ಳಿ. ನಕ್ಷೆಯಲ್ಲಿ ಎರಡು ಮಹಡಿ, 20 ಅಡಿ ಎಂದಿರುತ್ತದೆ. ನಮ್ಮ ಮಳೆಗೆ ಟೆರೇಸು ಸೋರುತ್ತದೆ, ಅಡಕೆ ಒಣಗಿಸಲೂ ಜಾಗ ಬೇಕು. ಎರಡು ವರ್ಷದೊಳಗೆ ಮೇಲೆ ಶೀಟಿನ ಮಾಡು ಏಳುತ್ತದೆ. ಆದ್ದರಿಂದ ಮೊದಲೇ 30 ಅಡಿ ಎಂದು ಹಿಡಿಯಿರಿ. ಅದು ಅಡಿಪಾಯದ ಮೇಲಿನ ಲೆಕ್ಕ. ಜಾಗಕ್ಕೆ ಮಣ್ಣು ತುಂಬಿ ಏರಿಸುವುದಿದ್ದರೆ ಅದನ್ನೂ ಕೂಡಿಸಿ.

ಕೊಯ್ಲಿನ ಫೈಬರ್ ದೋಟಿಯ ತುದಿಗೆ ಕೆಂಪು ಬಟ್ಟೆ ಕಟ್ಟಿ, ಮನೆ ಬರುವ ಮೂಲೆಗಳಲ್ಲಿ 30 ಅಡಿಗೆ ಒಬ್ಬರು ಎತ್ತಿ ಹಿಡಿಯಲಿ. ಇನ್ನೊಬ್ಬರು ನೋಡುವ ಜಾಗದಲ್ಲಿ ನಿಂತು ಚಿತ್ರ ತೆಗೆಯಲಿ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ತಂತಿಯ ಹತ್ತಿರ ದೋಟಿ ಎತ್ತಲೇಬೇಡಿ, ಸೈಟಿನೊಳಕ್ಕೆ ಹೋಗುವ ಮೊದಲು ಜಾಗದವರ ಒಪ್ಪಿಗೆ ಕೇಳಿ.

ಮೊಬೈಲಿನ ಸಾಮಾನ್ಯ ಕ್ಯಾಮೆರಾ ಅಗಲವಾಗಿ ನೋಡುತ್ತದೆ, ದೂರದ ಗುಡ್ಡೆಯನ್ನು ಕುಗ್ಗಿಸಿ ತೋರಿಸುತ್ತದೆ. 2 ಪಟ್ಟು ಜೂಮ್ ಇಟ್ಟರೆ ಫಿಲ್ಮ್ ಕ್ಯಾಮೆರಾದ 50 ಮಿ.ಮೀ. ಲೆನ್ಸಿನ ನೋಟಕ್ಕೆ ಹತ್ತಿರ ಬರುತ್ತದೆ. ಬ್ರಿಟನ್ನಿನ ವರದಿಗಳಲ್ಲೂ ಅದೇ ಲೆನ್ಸು ವಾಡಿಕೆ. ಕಣ್ಣಿನ ಎತ್ತರದಲ್ಲಿ ಹಿಡಿಯಿರಿ, ದಿನಾಂಕ, ಹೊತ್ತು, ನಿಂತ ಜಾಗ ಬರೆದಿಡಿ.

ಚಿತ್ರವಿಲ್ಲದೆಯೂ ಅಳೆಯಬಹುದು. ಕೈ ಪೂರ್ತಿ ಮುಂದಕ್ಕೆ ಚಾಚಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಹೆಬ್ಬೆರಳಿನದು 2, ನಡುವಿನ ಮೂರು ಬೆರಳು ಸೇರಿದರೆ 5, ಬಿಡಿಸಿದ ಗೇಣು 20 ಡಿಗ್ರಿ ಮೀರುತ್ತದೆ. 30 ಅಡಿಯ ಮನೆ 500 ಮೀಟರ್ ದೂರದಿಂದ ಒಂದು ಕಿರುಬೆರಳಿನಷ್ಟು, 250 ಮೀಟರ್‌ನಿಂದ ಹೆಬ್ಬೆರಳಿನಷ್ಟು, 100 ಮೀಟರ್‌ನಿಂದ ಮೂರು ಬೆರಳಿನಷ್ಟು ಕಾಣುತ್ತದೆ. ಒಂಟಿ ಮನೆ ಅಷ್ಟೇನೂ ಬಾಧಿಸದು. ಆದರೆ 60 ಅಡಿ ಅಗಲದ ಹತ್ತು ಸೈಟು ಒಂದೇ ಸಾಲಿನಲ್ಲಿ ಬಂದರೆ 600 ಅಡಿ. ಅದೇ 500 ಮೀಟರ್‌ನಿಂದ ಹೆಚ್ಚುಕಡಿಮೆ ಒಂದು ಗೇಣು ಮುಚ್ಚುತ್ತದೆ. ಎತ್ತರ ಒಂದು ಬೆರಳು, ಉದ್ದ ಒಂದು ಗೇಣು. ಈ ಗೇಣು ಆಕಾಶಕ್ಕೆ ತಾಗುತ್ತದೆಯೋ ಅಥವಾ ಹಿಂದಿನ ಗುಡ್ಡೆಯ ಹಸುರಿನೊಳಗೇ ಉಳಿಯುತ್ತದೆಯೋ ನೋಡಿ. ಆಕಾಶಕ್ಕೆ ತಾಗಿದರೆ ಅದನ್ನು ಬೇರೆಯಾಗಿ ಬರೆಯಿರಿ, ಎಲ್ಲಕ್ಕಿಂತ ದೂರಕ್ಕೆ ಎದ್ದು ಕಾಣುವುದು ಅದೇ.

ತೂಗಿ ನೋಡುವುದು

ಪ್ರತಿ ಜಾಗಕ್ಕೂ ಎರಡು ಅಳತೆ ಹಿಡಿಯಿರಿ: ಆ ನೋಟ ಎಷ್ಟು ಸೂಕ್ಷ್ಮ, ಬದಲಾವಣೆ ಎಷ್ಟು ದೊಡ್ಡದು. ಅನಂತಪುರದ ಸರೋವರ ದೇಗುಲದ ಸುತ್ತಲಿನ ಬೋಳು ಪಾರೆಯಂಥ ಕಡೆ ಸಣ್ಣ ಬದಲಾವಣೆಯೂ ಭಾರ. ಅಂಗಡಿ ಸಾಲಿನ ಹಿಂದಿನ ಜಾಗದಲ್ಲಿ ದೊಡ್ಡದೂ ಹಗುರ. ಅಂಕಿ ಕೊಟ್ಟು ಕೂಡಿಸುವ ಗೋಜಿಗೆ ಹೋಗಬೇಡಿ, ಕಾರಣ ಸಹಿತ ಎರಡು ವಾಕ್ಯ ಬರೆಯಿರಿ. ಪಕ್ಕದ ಗುಡ್ಡೆಯಲ್ಲಿ ಈಗಾಗಲೇ ಒಪ್ಪಿಗೆಯಾದ ಮನೆಗಳಿದ್ದರೆ ಅವನ್ನೂ ಸೇರಿಸಿ ನೋಡಬೇಕು. ಒಂದೊಂದನ್ನೇ ನೋಡಿದಾಗ ಎಲ್ಲವೂ ಸಣ್ಣದೆನಿಸುತ್ತದೆ. ರಾತ್ರಿಯೂ ಒಮ್ಮೆ ನಿಂತು ನೋಡಿ. ಕತ್ತಲ ಗುಡ್ಡೆಯ ಮೇಲೆ ಬೆಳಗುವ ಗೇಟಿನ ಎಲ್‌ಇಡಿ ಹಗಲಿನ ಮನೆಗಿಂತ ದೂರಕ್ಕೆ ಕಾಣುತ್ತದೆ.

ಬಡವರ ಮನೆಯನ್ನು ಇದರಲ್ಲಿ ಸಿಕ್ಕಿಸಬೇಡಿ. ಮನೆಯಿಲ್ಲದವರಿಗಾಗಿ ಇರುವ ಕೇರಳ ಸರಕಾರದ ಲೈಫ್ ಯೋಜನೆಯಲ್ಲಿ 400 ಚದರಡಿಯ ಆಸುಪಾಸಿನಲ್ಲಿ ಏಳುವ ಒಂದು ಮಹಡಿಯ ಮನೆ ಯಾವ ನೋಟವನ್ನೂ ಕೆಡಿಸುವುದು ಅಪರೂಪ.

ಬೇಡ ಎನ್ನುವ ಬದಲು ಹೀಗೆ ಮಾಡಿ ಎನ್ನಿ

ವರದಿಗೆ ಬಲ ಬರುವುದು ಇಲ್ಲಿ. ಇಡೀ ಸಾಲನ್ನು ನೆತ್ತಿಯಿಂದ 30–40 ಅಡಿ ಕೆಳಕ್ಕೆ ಇಳಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ, ಗುಡ್ಡೆಯೇ ಬೆನ್ನಿಗೆ ಬರುತ್ತದೆ. 15 ಅಡಿಯ ಒಂದೇ ಬರೆ ಕೆತ್ತುವ ಬದಲು ಇಳಿಜಾರಿನ ಓಟಕ್ಕೆ ಹೊಂದಿಸಿ 5 ಅಡಿಯ ಮೂರು ಹಂತ ಮಾಡಲಿ. ಮಳೆಗೆ ಜರಿಯುವ ಭಯವೂ ಕಡಿಮೆ, ಹಂತದ ಮೇಲೆ ಗಿಡವೂ ಏಳುತ್ತದೆ. ಹೊಳೆಯುವ ನೀಲಿ ಶೀಟಿನ ಬದಲು ಹಂಚಿನ ಕೆಂಪು ಅಥವಾ ಕಡು ಹಸುರಿನ, ಹೊಳಪಿಲ್ಲದ ಶೀಟು. ಸುತ್ತಲೂ 7 ಅಡಿಯ ಬಿಳಿ ಪಾಗಾರದ ಬದಲು ಮೊಣಕಾಲೆತ್ತರದ ಮುರಕಲ್ಲಿನ ಕಟ್ಟೆ, ಅದರ ಮೇಲೆ ಬೇಲಿಗಿಡ. ಇರುವ ಮರಗಳಲ್ಲಿ ಯಾವುದನ್ನು ಉಳಿಸುತ್ತಾರೆ ಎಂಬುದನ್ನು ನಕ್ಷೆಯಲ್ಲೇ ಗುರುತಿಸಲು ಕೇಳಿ.

ಗಿಡ ನೆಟ್ಟು ಮರೆ ಮಾಡುವುದು ಕೊನೆಯ ಉಪಾಯ. ಬ್ರಿಟನ್ನಿನವರು ಮೊದಲ ವರ್ಷದ ನೋಟ, 15ನೇ ವರ್ಷದ ನೋಟ ಎಂದು ಎರಡನ್ನೂ ಬರೆಯುತ್ತಾರೆ. ನಮ್ಮ ಮಳೆಗೆ ಹಲಸು, ಮಾವು, ಹೊನ್ನೆ ಬೇಗ ಏಳುತ್ತವೆ, ಆದರೂ ಮೊದಲ ವರ್ಷಗಳ ಸತ್ಯವನ್ನು ಮುಚ್ಚಿಡಬಾರದು.

ಕಾಗದ ಎಲ್ಲಿಗೆ ಕೊಡುವುದು

ಜಾಗ ಗದ್ದೆಯಾಗಿದ್ದರೆ ಮೊದಲು ಕೃಷಿ ಭವನಕ್ಕೆ ಹೋಗಿ ಗದ್ದೆ, ತೇವಭೂಮಿಗಳ ಪಟ್ಟಿಯಾದ ಡೇಟಾ ಬ್ಯಾಂಕಿನಲ್ಲಿ ಆ ಸರ್ವೆ ನಂಬರ್ ಇದೆಯೇ ನೋಡಿ. ಕೇರಳದ 2008ರ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯಿದೆಯು ಪಂಚಾಯತಿನಲ್ಲಿ ಸ್ವಂತ ವಾಸದ ಮನೆಗೆ ಹೆಚ್ಚೆಂದರೆ 10 ಸೆಂಟ್ಸ್ ಗದ್ದೆಗೆ, ಅದೂ ಪರಿಶೀಲನೆಯ ನಂತರ, ಅವಕಾಶ ಕೊಡುತ್ತದೆ. ಮಾರಾಟದ ಬಡಾವಣೆಗೆ ಈ ರಿಯಾಯಿತಿ ಇಲ್ಲ. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ಗ್ರಾಮಾಧಿಕಾರಿ, ರೈತ ಪ್ರತಿನಿಧಿಗಳು ಇರುವ ಸ್ಥಳೀಯ ನಿಗಾ ಸಮಿತಿಗೆ ನೆಲದ ಕುರಿತ ನಿಮ್ಮ ಮೊದಲ ಪುಟದ ಪ್ರತಿ ತಲುಪಿಸಿ.

ಗುಡ್ಡೆಯ ಜಾಗವಾದರೆ ಕಟ್ಟಡದ ಪರವಾನಗಿ ಕೊಡುವ ಪಂಚಾಯತು ಕಾರ್ಯದರ್ಶಿಗೆ ಕೊಡಿ. ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕೆಂದು 1994ರ ಪಂಚಾಯತ್ ರಾಜ್ ಕಾಯಿದೆಯಲ್ಲಿದೆ. ಅಲ್ಲಿ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಎಲ್ಲರ ಕೈಗೆ ಕೊಡಿ, ಸೈಟಿನವರನ್ನೂ ಕರೆಯಿರಿ. ಅರ್ಜಿ ಕನ್ನಡದಲ್ಲೇ ಇರಲಿ. ಭಾಷಾ ಅಲ್ಪಸಂಖ್ಯಾತರಾಗಿ ಕಾಸರಗೋಡಿನ ಕನ್ನಡಿಗರಿಗೆ ಆ ಹಕ್ಕಿದೆ. ಸ್ವೀಕೃತಿಯ ರಶೀದಿ ಕೇಳಿ ಪಡೆಯಿರಿ.

ಇದೆಲ್ಲ ಫಲ ಕೊಡುವುದು ಜೆಸಿಬಿ ಬರುವ ಮೊದಲು. ಪರವಾನಗಿಯಲ್ಲಿ ಮರ, ಮಟ್ಟ, ಮಾಡಿನ ಕುರಿತು ಷರತ್ತು ಸೇರಿದರೆ ಅದರ ಪ್ರತಿ ತೆಗೆದಿಟ್ಟುಕೊಳ್ಳಿ. ಕೊಡಲು ಹಿಂಜರಿದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಕಟ್ಟಡ ಮುಗಿದ ಮೇಲೆ ಅದೇ ಜಾಗಗಳಲ್ಲಿ ನಿಂತು, ಅದೇ 2 ಪಟ್ಟು ಜೂಮಿನಲ್ಲಿ ಮತ್ತೆ ಚಿತ್ರ ತೆಗೆದು ಹಳೆಯದರ ಪಕ್ಕದಲ್ಲಿ ಅಂಟಿಸಿ. ಮುಂದಿನ ಬಡಾವಣೆಯ ಅರ್ಜಿ ಬಂದಾಗ ಗ್ರಾಮಸಭೆಯ ಮುಂದಿಡಲು ಅದು ಬೇಕಾಗುತ್ತದೆ.