ಬದಿಯಡ್ಕದ ಸೆಕೆಯಲ್ಲಿ ಎರಡು ಲೀಟರ್ ಶುಂಠಿ ಬಿಯರ್

ಮೊದಲೇ ಹೇಳಿಬಿಡುತ್ತೇನೆ, ಇದು ಬಾರ್ಲಿಯ ಬಿಯರ್ ಅಲ್ಲ. ಅದನ್ನು ಪರವಾನಗಿಯಿಲ್ಲದೆ ಮನೆಯಲ್ಲಿ ತಯಾರಿಸುವುದು ಕೇರಳದ ಅಬ್ಕಾರಿ ಕಾಯ್ದೆಯಡಿ ಅಪರಾಧ. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೂ ರಿಯಾಯಿತಿಯೇನಿಲ್ಲ. ಶುಂಠಿ ಬಿಯರ್ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಢಿಗೆ ಬಂದ ಪಾನೀಯ. ಬೇಗ ತಣಿಸಿ ಕುಡಿದರೆ ಇದು ಖಾರದ ಸೋಡಾ, ಅಷ್ಟೆ. ಆದರೂ ಮದ್ಯಾಂಶ ತುಸು ಇದ್ದೇ ಇರುತ್ತದೆ, ಮಕ್ಕಳಿಗೆ ಬೇಡ.

ಬೇಕಾದ ಯೀಸ್ಟ್ ಶುಂಠಿಯ ಸಿಪ್ಪೆಯ ಮೇಲೇ ಕುಳಿತಿರುತ್ತದೆ. ಮೊಸರಿಗೆ ಮಾಡಿದಂತೆ ಇದಕ್ಕೂ ಹೆಪ್ಪು ಮಾಡಿಕೊಳ್ಳಬೇಕು. ಅರ್ಧ ಲೀಟರ್ ನೀರು, ಸಿಪ್ಪೆ ಸಮೇತ ತುರಿದ ಶುಂಠಿ ಎರಡು ದೊಡ್ಡ ಚಮಚ, ಅಷ್ಟೇ ಸಕ್ಕರೆಯನ್ನು ಗಾಜಿನ ಭರಣಿಗೆ ಹಾಕಿ, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ. ದಿನವೂ ಒಂದೊಂದು ಚಮಚ ಶುಂಠಿ, ಸಕ್ಕರೆ ಸೇರಿಸಿ ಕಲಕಿ. ಹಿತ್ತಲಿನ ಶುಂಠಿಯಾದರೆ ಬಲು ಉತ್ತಮ. ಮಣ್ಣು ಹೋಗುವಷ್ಟು ತೊಳೆದರೆ ಸಾಕು.

ನೀರಿನ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಮುರಕಲ್ಲಿನ ಗುಡ್ಡ ಕೊರೆದ ಸುರಂಗದ ನೀರಿಗೆ ಕ್ಲೋರಿನ್ನಿನ ಸೋಂಕಿಲ್ಲ, ಕುದಿಸಿ ತಣಿಸಿದರೆ ಆಯಿತು. ನಳ್ಳಿ ನೀರಾದರೆ ಅಗಲ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಡಿ. ಕ್ಲೋರಿನ್ ಯೀಸ್ಟನ್ನು ಕೊಲ್ಲುತ್ತದೆ.

ಮೂರನೆಯ ದಿನದ ಹೊತ್ತಿಗೆ ತುರಿಯೆಲ್ಲ ಮೇಲೆ ತೇಲಿ, ಎಡೆಎಡೆಯಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಭರಣಿಗೆ ಕಿವಿಯಿಟ್ಟರೆ ಚುರುಚುರು ಸದ್ದು. ಹಸಿರೋ ಕಪ್ಪೋ ಬೂಸ್ಟು ಕಂಡರೆ ಮೇಲಿನದನ್ನಷ್ಟೇ ತೆಗೆಯುವ ಜಿಪುಣತನ ಬೇಡ, ಎಲ್ಲವನ್ನೂ ತೆಂಗಿನ ಬುಡಕ್ಕೆ ಸುರಿಯಿರಿ.

ಇನ್ನು ಕಷಾಯ. ಎರಡು ಲೀಟರ್ ನೀರಿಗೆ 150 ಗ್ರಾಂ ಜಜ್ಜಿದ ಶುಂಠಿ, 200 ಗ್ರಾಂ ಸಕ್ಕರೆ ಹಾಕಿ ಕಾಲು ಗಂಟೆ ಕುದಿಸಿ ಸೋಸಿ. ಹುಳಿಗೆ ಎರಡು ಲಿಂಬೆಯ ರಸ. ನಾನು ಲಿಂಬೆಯ ಬದಲು ಒಣ ಪುನರ್ಪುಳಿ (ಕೋಕಂ) ಸಿಪ್ಪೆ ನಾಲ್ಕೈದನ್ನು ಕುದಿಯುವಾಗಲೇ ಹಾಕುತ್ತೇನೆ. ಬಣ್ಣ ನೋಡಿಯೇ ಅರ್ಧ ಬಾಯಾರಿಕೆ ಹೋಗುತ್ತದೆ. ಕಷಾಯ ಪೂರ್ತಿ ತಣಿದ ಮೇಲೆಯೇ ಸೋಸಿದ ಹೆಪ್ಪು ಅರ್ಧ ಲೋಟ ಬೆರೆಸಬೇಕು. ಬಿಸಿಯಿದ್ದರೆ ಯೀಸ್ಟ್ ಬೆಂದುಹೋಗಿ, ಉಳಿಯುವುದು ಬರೇ ಶುಂಠಿ ಪಾನಕ.

ತುಂಬಿಸಲು ಖಾಲಿ ಸೋಡಾದ ಪ್ಲಾಸ್ಟಿಕ್ ಬಾಟಲಿಗಳೇ ಬೇಕು. ಒಂದು ವರ್ಷ ವಿಷುವಿಗೆಂದು ಗಾಜಿನ ಬಾಟಲಿಗಳಲ್ಲಿ ತುಂಬಿ ಉಗ್ರಾಣದಲ್ಲಿಟ್ಟಿದ್ದೆ. ನಾನು ಓದಿದ ವಿಧಾನ ‘ಒಂದು ವಾರ ಬಿಡಿ’ ಎಂದಿತ್ತು. ಅದು ಚಳಿ ದೇಶದವರು ಬರೆದದ್ದೆಂಬುದು ಹೊಳೆದದ್ದು ಮೂರನೆಯ ದಿನ ಮಧ್ಯಾಹ್ನ, ಗರ್ನಾಲು ಸಿಡಿದಂಥ ಸದ್ದಿಗೆ ಎಚ್ಚರವಾದಾಗ. ಉಪ್ಪಿನಕಾಯಿ ಭರಣಿಗಳ ನಡುವೆಯೆಲ್ಲ ಗಾಜಿನ ಚೂರು, ಮಾಡಿನ ಹಂಚಿನಿಂದ ತೊಟ್ಟಿಕ್ಕುವ ಶುಂಠಿ ನೀರು. ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಸೆಕೆ ಏರಿದಷ್ಟೂ ಅದರ ಹಸಿವು ಹೆಚ್ಚು.

ಆದ್ದರಿಂದ ಗಡಿಯಾರ ನೋಡಬೇಡಿ, ಬಾಟಲಿಯನ್ನು ಒತ್ತಿ ನೋಡಿ. ಕತ್ತಿನ ಕೆಳಗೆ ಎರಡು ಬೆರಳು ಜಾಗ ಬಿಟ್ಟು ತುಂಬಿಸಿ, ಬಿಗಿಯಾಗಿ ಮುಚ್ಚಿ, ನೆರಳಲ್ಲಿಡಿ. ಬೆಳಿಗ್ಗೆ, ಸಂಜೆ ಹೆಬ್ಬೆರಳಿನಿಂದ ಅದುಮಿ. ಒಳಕ್ಕೆ ತಗ್ಗದೆ ಕಲ್ಲಿನಂತೆ ನಿಂತಿತೆಂದರೆ ತಕ್ಷಣ ಫ್ರಿಜ್ಜಿಗೆ. ಏಪ್ರಿಲಿನಲ್ಲಿ ಒಂದೇ ದಿನ ಸಾಕಾಗಬಹುದು, ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆಯಲ್ಲಿ ಮೂರು ದಿನ ಹಿಡಿಯಬಹುದು.

ಒಂದು ರಾತ್ರಿ ತಣ್ಣಗಾದ ಮೇಲೆ ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಹಿಡಿದು ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ. ‘ಶ್‌’ ಎನ್ನುವುದು ನಿಂತ ಮೇಲೆ ಇನ್ನೊಂದು ಕಾಲು ಸುತ್ತು. ನಾಲ್ಕೈದು ದಿನದೊಳಗೆ ಕುಡಿದು ಮುಗಿಸಿ. ಮಿಕ್ಕ ಹೆಪ್ಪನ್ನು ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಒಂದು ಚಮಚ ಸಕ್ಕರೆ, ಒಂದು ಚಮಚ ಶುಂಠಿ ಉಣಿಸುತ್ತಿದ್ದರೆ ಮುಂದಿನ ಸಲ ಆ ಮೂರು ದಿನ ಕಾಯಬೇಕಿಲ್ಲ.