ತಾರೀಖು ಕೇಳಬೇಡಿ, ಚಾಸಿ ನಂಬರ್ ಕೇಳಿ

ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರೋರು ಕಡಿಮೆ, ಸರದಿ ಸಣ್ಣದಿರುತ್ತೆ ಅಂತ ಲೆಕ್ಕ ಹಾಕಿ ಹುಬ್ಬಳ್ಳಿ ಗೋಕುಲ ರೋಡಿನ ಒಂದು ಶೋರೂಮಿಗೆ ಹೋಗಿ ಕಾರು ಬುಕ್ ಮಾಡಿದೆ. "ಎಂಟು ವಾರದಾಗ ಬರ್ತೈತ್ರಿ ಸರ್" ಅಂದರು. ದಸರಾಕ್ಕೆ ಆರಾಮಾಗಿ ಸಿಗುತ್ತೆ ಅಂದುಕೊಂಡೆ. ದಸರಾ ಬಂತು. ಬನ್ನಿ ಕೊಡೋಕೆ ಬಂದವರೆಲ್ಲ "ಗಾಡಿ ಎಲ್ಲೈತಿ?" ಅಂತ ಕೇಳಿ ಹೋದರು. ಕಾರು ಬಂದದ್ದು ಹದಿನಾರನೇ ವಾರಕ್ಕೆ.

ಮೊದಲೆರಡು ತಿಂಗಳು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಪ್ರತಿ ಸಲ "ಮುಂದಿನ ವಾರ". ಕೊನೆಗೆ ಒಂದು ದಿನ ಶೋರೂಮಿಗೇ ಹೋಗಿ ಕೂತೆ. ಸೇಲ್ಸ್ ಹುಡುಗ ಕಂಪ್ಯೂಟರ್ ತಿರುಗಿಸಿ ತೋರಿಸಿದ. ನನ್ನ ಹೆಸರಿನ ಮುಂದೆ ಚಾಸಿ ನಂಬರಿನ ಜಾಗ ಖಾಲಿ ಇತ್ತು. ಚಾಸಿ ನಂಬರ್ ಅಂದರೆ ತಯಾರಾಗೋ ಪ್ರತಿ ಗಾಡಿಗೂ ಬೇರೆ ಬೇರೆಯಾಗಿ ಕೊಡೋ ಹದಿನೇಳು ಅಕ್ಷರ-ಅಂಕಿಗಳ ಗುರುತು. ನನ್ನ ಕಾರು ಇನ್ನೂ ತಯಾರೇ ಆಗಿರಲಿಲ್ಲ!

ತಡವಾಗಿದ್ದು ಬಣ್ಣದಿಂದ. ಮಗಳ ಆಸೆಗೆ ಕೆಂಪು ಬಾಡಿ, ಕಪ್ಪು ಟಾಪ್ ಬರೆಸಿದ್ದೆ. ಎರಡು ಬಣ್ಣದ ಗಾಡಿಗೆ ಪೇಂಟ್ ಶಾಪಿನಲ್ಲಿ ಕೆಲಸ ಜಾಸ್ತಿ. ಒಂದು ಬಣ್ಣ ಹೊಡೆದು, ಒಣಗಿಸಿ, ಅದನ್ನು ಮುಚ್ಚಿ, ಆಮೇಲೆ ಟಾಪಿಗೆ ಇನ್ನೊಂದು ಬಣ್ಣ. ಹಾಗಾಗಿ ಇಂಥ ಗಾಡಿ ಬರೋದೇ ಕಡಿಮೆ. ಅದರ ಮೇಲೆ ನಾನು ಕೇಳಿದ್ದು ಟಾಪ್ ವೇರಿಯಂಟ್, ಅಂದರೆ ಆ ಮಾಡೆಲಿನಲ್ಲೇ ಎಲ್ಲಕ್ಕಿಂತ ಹೆಚ್ಚು ಸೌಲಭ್ಯ ಇರೋದು. ಅದಕ್ಕೆ ಚಿಪ್, ಸೆನ್ಸರ್ ಜಾಸ್ತಿ ಬೇಕು, ಒಂದು ಬಿಡಿಭಾಗ ಬರದಿದ್ದರೂ ಗಾಡಿ ನಿಲ್ಲುತ್ತೆ. 2021ರಲ್ಲಿ ಚಿಪ್ ಕೊರತೆಯಾದಾಗ ತಿಂಗಳುಗಟ್ಟಲೆ ಕಾದವರು ನಮ್ಮ ಓಣಿಯಲ್ಲೇ ಇದ್ದಾರೆ. ಅದೇ ಮಾಡೆಲ್, ನಡುವಿನ ವೇರಿಯಂಟ್, ಬಿಳಿ ಬಣ್ಣದ್ದು ಯಾರ್ಡಿನಲ್ಲೇ ನಿಂತಿತ್ತು. "ಬಣ್ಣ ಬದ್ಲಿ ಮಾಡ್ರಿ, ನಾಳೇನ ಗಾಡಿ ಕೊಡ್ತೀನ್ರಿ" ಅಂದ ಹುಡುಗ. ಮಗಳು ಒಪ್ಪಲಿಲ್ಲ. ನನಗೂ ಅದೇ ಸರಿ ಅನ್ನಿಸಿತು. ಹತ್ತು ವರ್ಷ ಓಡಿಸೋ ಗಾಡಿ ಅಲ್ವಾ?

ಅವತ್ತಿನಿಂದ ತಾರೀಖು ಕೇಳೋದು ಬಿಟ್ಟೆ. ಗಾಡಿ ನನ್ನ ಹೆಸರಿಗೆ ಅಲಾಟ್ ಆಯ್ತಾ, ಚಾಸಿ ನಂಬರ್ ಬಂತಾ, ಟ್ರೇಲರ್ ಹೊರಟಿತಾ, ಇಷ್ಟೇ ಕೇಳುತ್ತಿದ್ದೆ. ಇವಕ್ಕೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಚಾಸಿ ನಂಬರ್ ಕೈಗೆ ಬರೋವರೆಗೂ ಪೂರ್ತಿ ಹಣ ಕಟ್ಟಬೇಡಿ, ಸಾಲವನ್ನೂ ಬಿಡುಗಡೆ ಮಾಡಿಸಬೇಡಿ. ಸಾಮಾನ್ಯವಾಗಿ ಬೆಲೆಯೂ ಬುಕ್ ಮಾಡಿದ ದಿನದ್ದಲ್ಲ, ಬಿಲ್ ಆದ ದಿನದ್ದು.

ನನ್ನ ಗಾಡಿ ಹರಿಯಾಣದಿಂದ ಬರಬೇಕಿತ್ತು, ಸುಮಾರು 1,800 ಕಿ.ಮೀ. ಟ್ರೇಲರ್ ತುಂಬೋವರೆಗೆ ಕಾದು, ಬೆಳಗಾವಿಯಲ್ಲಿ ಕೆಲವು ಗಾಡಿ ಇಳಿಸಿ, ಹತ್ತನೇ ದಿನ ಹುಬ್ಬಳ್ಳಿ ಮುಟ್ಟಿತು.

ಅವತ್ತೇ ಮಗಳನ್ನು ಕರೆದುಕೊಂಡು ಯಾರ್ಡಿಗೆ ಹೋದೆ. ನೋಂದಣಿಗೆ ಮೊದಲೇ ಗಾಡಿ ನೋಡಿಬಿಡಬೇಕು, ಆಮೇಲೆ ಬೇಡ ಅನ್ನೋದು ಕಷ್ಟ. ಮೈಯೆಲ್ಲ ದಾರಿಯ ಧೂಳು, ಸೀಟಿಗೆ ಪ್ಲಾಸ್ಟಿಕ್, ಮೀಟರಿನಲ್ಲಿ 14 ಕಿ.ಮೀ. ಬಾನೆಟ್ ಎತ್ತಿಸಿ, ಹೆಬ್ಬೆರಳಿನಿಂದ ಧೂಳು ಒರೆಸಿ, ಚಾಸಿ ನಂಬರನ್ನು ನನ್ನ ಚೀಟಿಯ ಜೊತೆ ಒಂದೊಂದೇ ತಾಳೆ ನೋಡಿದೆ. ಹದಿನೇಳೂ ಸರಿ ಇದ್ದವು. ತಲೆ ಎತ್ತಿ ನೋಡಿದರೆ, ಮಗಳು ಹಿಂದಿನ ಗಾಜಿನ ಧೂಳಿನ ಮೇಲೆ ಆಗಲೇ ತನ್ನ ಹೆಸರು ಬರೆದಿದ್ದಳು.